ಮಾಯಾಪೇಟೆಯಲ್ಲಿ ಮುದ್ರೆಯ ಹಕ್ಕು

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯು ಜಯಮಂಗಲಿ ಹೊಳೆಯ ಪ್ರಾಂತದಲ್ಲಿರುವ ಒಂದು ಹೋಬಳಿಯ ಮುಖ್ಯಸ್ಥಳ. ಅಲ್ಲಿಯ ಅಂಗಡಿಯಲ್ಲಾಗಲಿ, ಮಧುಗಿರಿ, ಸಿರಾ, ಪಾವಗಡಗಳ ಯಾವ ಹೋಬಳಿಯ ಅಂಗಡಿಯಲ್ಲಾಗಲಿ, ಹಾಲಿನ ಪೊಟ್ಟಣವನ್ನು ಕೊಳ್ಳುವ ಗೃಹಸ್ಥನು ಅದು ಯಾವ ಡೇರಿಯಿಂದ ಬಂದಿತು, ಪರೀಕ್ಷೆ ಮಾಡಿದವರಾರು ಎಂದು ವಿಚಾರಿಸುವುದಿಲ್ಲ. ಹಸುವಿನ ಚಿತ್ರವೂ ‘ನಂದಿನಿ’ ಎಂಬ ಮೂರಕ್ಷರವೂ ಕಣ್ಣಿಗೆ ಬಿದ್ದರೆ ಅವನ ವಿಚಾರಣೆ ಮುಗಿಯಿತು. ಗಂಧದ ಸಾಬೂನನ್ನು ಕೇಳುವ ಹೆಂಗಸು ಆನೆಯ ತಲೆ, ಸಿಂಹದ ಮೈಯುಳ್ಳ ಶರಭನ ಗುರುತನ್ನು ನೋಡಿ ಹಣ ಕೊಡುತ್ತಾಳೆ. ಅಕ್ಷರ ಬಾರದವಳಿಗೂ ಆ ಗುರುತು ಸಾಕು. ವ್ಯಾಪಾರಮುದ್ರೆ, ಅಂದರೆ ಟ್ರೇಡ್ ಮಾರ್ಕು, ಎಂಬುದರ ಪ್ರಯೋಜನವೆಲ್ಲವೂ ಇಷ್ಟರಲ್ಲಿ ಅಡಗಿದೆ. ಅದು ಮಾರುವವನ ಆಸ್ತಿಯೆಂದು ಕಾನೂನು ಹೇಳುವುದು ಸರಿಯೇ. ಆದರೆ ಹುಟ್ಟಿನಲ್ಲಿ ಅದು ಕೊಳ್ಳುವವನಿಗೆ ಕೊಟ್ಟ ಮಾತು.

ಈ ಮಾತು ಈಗ ಒಂದು ವಿಚಿತ್ರವಾದ ಪೇಟೆಗೆ ಹೋಗಿ ನಿಂತಿದೆ. ಕಂಪ್ಯೂಟರಿನ ಮತ್ತು ಮೊಬೈಲು ಫೋನಿನ ತೆರೆಯ ಮೇಲೆ ಆಡುವ ಆಟಗಳಲ್ಲಿ ಆಡುವವನಿಗೆ ಪ್ರತಿಯಾಗಿ ಒಂದು ಗೊಂಬೆ ಇರುತ್ತದೆ. ಆ ಗೊಂಬೆಗೆ ಅಂಗಿ, ಪಾದರಕ್ಷೆ, ಕೈಚೀಲ, ಮನೆ, ವಾಹನ ಎಲ್ಲವೂ ಉಂಟು. ಇವು ಯಾವುವೂ ಕೈಗೆ ಸಿಕ್ಕತಕ್ಕವಲ್ಲ. ಆದರೆ ಇವುಗಳನ್ನು ಪಡೆಯಲು ಕೊಡಬೇಕಾದ ಹಣ ಮಾತ್ರ ನಿಜವಾದ ಹಣ. ಇವಕ್ಕೆ ‘ವರ್ಚುವಲ್’ ಸರಕುಗಳೆಂದು ಹೆಸರು. ನಾವು ಮಾಯಾಸರಕುಗಳೆಂದು ಕರೆಯೋಣ. ೨೦೨೧ರಲ್ಲಿ ರೋಬ್ಲಾಕ್ಸ್ ಎಂಬ ಆಟದ ಪೇಟೆಯಲ್ಲಿ ಇಟಲಿಯ ಗುಚ್ಚಿ ಕಂಪೆನಿಯ ಕೈಚೀಲವೊಂದರ ಚಿತ್ರವು ಕೈಬದಲಾಗುತ್ತ ೪,೦೦೦ ಡಾಲರಿಗೂ ಮಿಕ್ಕ ಬೆಲೆಗೆ ಹೋಯಿತು. ಅದೇ ಕಂಪೆನಿಯ ಅಂಗಡಿಯಲ್ಲಿ ಚರ್ಮದ ನಿಜವಾದ ಚೀಲಕ್ಕೆ ಸುಮಾರು ೩,೪೦೦ ಡಾಲರು. ನೆರಳಿಗೆ ವಸ್ತುವಿಗಿಂತ ಹೆಚ್ಚು ಬೆಲೆ ಬಂದಿತೆಂದು ಕೇಳಿದರೆ ನಮ್ಮ ಸಂತೆಯ ರೈತನು ನಕ್ಕಾನು. ಅವನ ನಗೆ ಅನ್ಯಾಯವಾದುದೇನೂ ಅಲ್ಲ. ಆದರೂ ಆ ಚಿತ್ರಕ್ಕೆ ಆ ಬೆಲೆ ಬಂದದ್ದು ಅದರ ಮೇಲಿನ ಮುದ್ರೆಯ ದೆಸೆಯಿಂದ ಎಂಬುದನ್ನು ಮರೆಯಕೂಡದು. ಮುದ್ರೆಯಿಲ್ಲದ ಚಿತ್ರವನ್ನು ಯಾರೂ ಆ ಬೆಲೆಗೆ ಕೇಳುತ್ತಿರಲಿಲ್ಲ.

ಇದನ್ನು ಕಂಡ ಪರದೇಶದ ದೊಡ್ಡ ಕಂಪೆನಿಗಳು ಸುಮ್ಮನಿರಲಿಲ್ಲ. ೨೦೨೧ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ಕಂಪೆನಿಯು ತನ್ನ ಹೆಸರನ್ನು ಮೆಟಾ ಎಂದು ಬದಲಾಯಿಸಿಕೊಂಡು, ಇನ್ನು ಮುಂದಿನ ಲೋಕವೆಲ್ಲ ತೆರೆಯೊಳಗಣ ಲೋಕವೇ ಎಂದು ಸಾರಿತು. ಅದೇ ವರ್ಷದ ಕೊನೆಯಲ್ಲಿ ಪಾದರಕ್ಷೆಗಳ ನೈಕಿ ಕಂಪೆನಿಯು ಮಾಯಾಪಾದರಕ್ಷೆಗಳಿಗಾಗಿ ಅಮೆರಿಕದ ಮುದ್ರೆಗಳ ಕಚೇರಿಯಲ್ಲಿ ಅರ್ಜಿಗಳನ್ನು ಹಾಕಿತು. ೨೦೨೨ರ ಫೆಬ್ರವರಿಯಲ್ಲಿ ಮ್ಯಾಕ್‌ಡೊನಾಲ್ಡ್ಸ್ ಹೋಟಲಿನವರು ತೆರೆಯ ಮೇಲಣ ಭೋಜನಶಾಲೆಗೂ ತಮ್ಮ ಹೆಸರನ್ನು ಕಾಯ್ದಿರಿಸಬೇಕೆಂದು ಕೇಳಿದರು. ಹೊಟ್ಟೆ ತುಂಬಿಸದ ಊಟಕ್ಕೂ ಮುದ್ರೆ ಬೇಕಾಯಿತು!

ಈ ಉತ್ಸಾಹದ ಭರ ಬಹುಕಾಲ ನಿಲ್ಲಲಿಲ್ಲ. ನೈಕಿಯವರು ೨೦೨೧ರ ಡಿಸೆಂಬರಿನಲ್ಲಿ ಕೊಂಡುಕೊಂಡ ಮಾಯಾಪಾದರಕ್ಷೆಗಳ ಸಂಸ್ಥೆಯನ್ನು ಮೂರು ವರ್ಷಗಳಲ್ಲಿ ತಾವೇ ಮುಚ್ಚಿಬಿಟ್ಟರು. ಹಾಗೆಂದು ಪ್ರಶ್ನೆಯೂ ಮುಚ್ಚಿಹೋಯಿತೆಂದು ತಿಳಿಯುವುದು ಸರಿಯಲ್ಲ. ಆಟಗಳಲ್ಲಿ ವಸ್ತ್ರಾಭರಣಗಳನ್ನು ಮಾರುವ ವ್ಯಾಪಾರ ನಿಂತಿಲ್ಲ. ಇಂಟರ್‌ನೆಟ್ಟಿನಲ್ಲಿ ಅಂಗಡಿ ತೆರೆಯುವುದು, ಸೇವೆಗಳನ್ನು ಒದಗಿಸುವುದು, ಹೆಸರನ್ನು ಕದ್ದು ಜನರಿಂದ ಹಣ ಕೀಳುವುದು ಇವು ದಿನದಿನಕ್ಕೆ ಹೆಚ್ಚುತ್ತಲೇ ಇವೆ. ಗದ್ದಲ ಅಡಗಿದ ಈ ಸಮಯವೇ ಶಾಂತವಾಗಿ ವಿಚಾರ ಮಾಡಲು ತಕ್ಕ ಕಾಲ.

ವಿಚಾರಕ್ಕೆ ಮೊದಲನೆಯ ವಿಷಯವೇನೆಂದರೆ, ಚರ್ಮದ ಚೀಲಕ್ಕೆ ಪಡೆದ ಹಕ್ಕು ಚೀಲದ ಚಿತ್ರಕ್ಕೂ ಸಲ್ಲುವುದೆ? ಇದಕ್ಕೆ ಜಗತ್ತಿನಲ್ಲಿ ಪ್ರಸಿದ್ಧವಾದ ಉತ್ತರವು ನ್ಯೂಯಾರ್ಕಿನಿಂದ ಬಂದಿತು. ಫ್ರಾನ್ಸಿನ ಹೆರ್ಮೆಸ್ ಕಂಪೆನಿಯ ಬರ್ಕಿನ್ ಎಂಬ ಚೀಲ ಲೋಕವಿಖ್ಯಾತವಾದದ್ದು. ಮೇಸನ್ ರಾಥ್‌ಚೈಲ್ಡ್ ಎಂಬ ಕಲಾವಿದನು ೨೦೨೧ರ ಕೊನೆಯಲ್ಲಿ ಆ ಚೀಲವನ್ನು ತುಪ್ಪಳದಿಂದ ಹೊದಿಸಿದಂತೆ ೧೦೦ ಚಿತ್ರಗಳನ್ನು ಮಾಡಿ ‘ಮೆಟಾಬರ್ಕಿನ್ಸ್’ ಎಂಬ ಹೆಸರಿನಿಂದ ಮಾರಿದನು. ಇವು ಎನ್.ಎಫ್.ಟಿ. ಎಂಬ ಬಗೆಯವು. ನಮ್ಮಲ್ಲಿ ಜಮೀನಿಗೆ ಖಾತೆಯಿರುವಂತೆ, ಇಂತಹ ಚಿತ್ರಕ್ಕೆ ಇಂತಹವನು ಒಡೆಯನೆಂದು ಅನೇಕ ಕಂಪ್ಯೂಟರುಗಳ ದಫ್ತರಗಳಲ್ಲಿ ಏಕಕಾಲಕ್ಕೆ ಬರೆದಿಡುವ ಪದ್ಧತಿಯಿದು. ಕಲಾವಿದನು ತನ್ನದು ಕಲೆ, ಅದಕ್ಕೆ ವಾಕ್‌ಸ್ವಾತಂತ್ರ್ಯದ ರಕ್ಷೆಯುಂಟು ಎಂದು ವಾದಿಸಿದನು. ೨೦೨೩ನೆಯ ಫೆಬ್ರವರಿ ೮ರಂದು ಪಂಚರು, ಅಂದರೆ ಜ್ಯೂರಿಯವರು, ಈ ವಾದವನ್ನು ತಳ್ಳಿಹಾಕಿ ೧,೩೩,೦೦೦ ಡಾಲರು ಪರಿಹಾರವನ್ನು ವಿಧಿಸಿದರು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಹೆರ್ಮೆಸ್ಸಿನವರು ಮಾಯಾಸರಕಿಗೆಂದು ಬೇರೆ ದಾಖಲೆ ಮಾಡಿಸಿರಲಿಲ್ಲ. ಚರ್ಮದ ಚೀಲಕ್ಕೆ ಇದ್ದ ಹಕ್ಕಿನ ಬಲದಿಂದಲೇ ಗೆದ್ದರು.

ಅಷ್ಟು ದೂರ ಹೋಗಬೇಕಾದ ಅಗತ್ಯ ನಮಗೇನೂ ಇರಲಿಲ್ಲ. ಕೈಗೆ ಸಿಕ್ಕದ ವಸ್ತುವಿನಲ್ಲಿ ಹೆಸರಿನ ಹಕ್ಕು ಇದೆಯೆ ಎಂಬ ಪ್ರಶ್ನೆ ಅದಕ್ಕೆ ಇಪ್ಪತ್ತು ವರ್ಷಗಳಷ್ಟು ಹಿಂದೆಯೇ ನಮ್ಮ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನ ಮುಂದೆ ಬಂದಿತ್ತು. ಈ ಮೊಕದ್ದಮೆಯ ವೃತ್ತಾಂತವು ನಮ್ಮ ಅಧಿಕಾರಿಗಳಿಗೂ ವ್ಯಾಪಾರಸ್ಥರಿಗೂ ಇನ್ನೂ ಸಾಕಷ್ಟು ತಿಳಿದಂತೆ ಕಾಣುವುದಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ.

ಸತ್ಯಂ ಇನ್ಫೋವೇ ಎಂಬ ಕಂಪೆನಿಯು ತನ್ನ ಹೆಸರಿನ ಕೆಲವು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ‘ಸಿಫಿ’ ಎಂಬ ಹೊಸ ಮಾತನ್ನು ಕಟ್ಟಿ, ೧೯೯೯ರಲ್ಲಿ ಅದನ್ನೊಳಗೊಂಡ ಹಲವು ಇಂಟರ್‌ನೆಟ್ ವಿಳಾಸಗಳನ್ನು ದಾಖಲು ಮಾಡಿಸಿತು. ಎರಡು ವರ್ಷಗಳ ಮೇಲೆ ಸಿಫಿನೆಟ್ ಸಲ್ಯೂಷನ್ಸ್ ಎಂಬ ಮತ್ತೊಂದು ಸಂಸ್ಥೆಯು, ಇಂಗ್ಲಿಷಿನಲ್ಲಿ ಒಂದೇ ಒಂದು ಅಕ್ಷರ ಹೆಚ್ಚಾಗಿರುವ, ಕಿವಿಗೆ ಮಾತ್ರ ಅದೇ ಆಗಿ ಕೇಳುವ ವಿಳಾಸಗಳನ್ನು ತೆಗೆದುಕೊಂಡು ವ್ಯಾಪಾರಕ್ಕೆ ತೊಡಗಿತು. ಮೊದಲನೆಯವರು ದಾವೆ ಹೂಡಿದರು. ಪ್ರತಿವಾದಿಗಳು, ತಮ್ಮ ಐದು ಮಂದಿ ಸ್ಥಾಪಕರ ಹೆಸರುಗಳ ಮೊದಲಕ್ಷರಗಳನ್ನು ಸೇರಿಸಿದ್ದರಿಂದ ಈ ಮಾತು ತಾನಾಗಿ ಬಂದಿತೆಂದು ಸಮಾಧಾನ ಹೇಳಿದರು. ಸಿಟಿ ಸಿವಿಲ್ ಕೋರ್ಟು ತಡೆಯಾಜ್ಞೆಯನ್ನು ಕೊಟ್ಟಿತು. ಹೈಕೋರ್ಟು, ಇಬ್ಬರ ವ್ಯಾಪಾರಗಳೂ ಬೇರೆ, ಜನರಿಗೆ ಭ್ರಾಂತಿಯಾಗಲಾರದು, ಬಂಡವಾಳ ಹಾಕಿದವರಿಗೆ ಆಜ್ಞೆಯಿಂದ ನಷ್ಟವಾದೀತು ಎಂದು ಅದನ್ನು ರದ್ದು ಮಾಡಿತು. ಕೊನೆಗೆ ೨೦೦೪ನೆಯ ಮೇ ೬ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ರುಮಾ ಪಾಲ್ ಅವರೂ ನ್ಯಾಯಮೂರ್ತಿ ಪಿ. ವೆಂಕಟರಾಮ ರೆಡ್ಡಿಯವರೂ ಕೆಳಗಿನ ಕೋರ್ಟಿನ ಆಜ್ಞೆಯನ್ನೇ ಎತ್ತಿಹಿಡಿದರು. ಮೊದಲಕ್ಷರಗಳ ಕಥೆಯನ್ನು ಅವರು ನಂಬಲಿಲ್ಲ.

ಆ ತೀರ್ಪಿನ ಸಾರಾಂಶವು ಹೀಗೆ: ಇಂಟರ್‌ನೆಟ್ಟಿನ ವಿಳಾಸವೆಂಬುದು ಮನೆಯ ನಂಬರಿನಂತೆ ಬರಿಯ ಗುರುತಾಗಿ ಹುಟ್ಟಿದ್ದಿರಬಹುದು, ಆದರೆ ವ್ಯಾಪಾರದಲ್ಲಿ ಅದು ಮಾರುವವನನ್ನು ತೋರಿಸಿಕೊಡುವ ಹೆಸರಾಗಿ ನಿಂತಿದೆ. ಇದಕ್ಕೆಂದೇ ವಿಶೇಷ ಶಾಸನವೊಂದು ಇಂಡಿಯಾದಲ್ಲಿ ಇಲ್ಲದಿದ್ದರೂ, ಒಬ್ಬನ ಸರಕನ್ನು ಇನ್ನೊಬ್ಬನದೆಂದು ದಾಟಿಸುವ ಮೋಸಕ್ಕೆ ಇರುವ ಹಳೆಯ ಪರಿಹಾರವೇ ಇಲ್ಲಿಗೂ ಅನ್ವಯಿಸುತ್ತದೆ. ಇಂಟರ್‌ನೆಟ್ಟಿನಲ್ಲಿ ಒಂದೇ ವಿಳಾಸವನ್ನು ಲೋಕದ ಎಲ್ಲ ಕಡೆಯಿಂದಲೂ ಹುಡುಕಿಕೊಂಡು ಬರುವ ಗಿರಾಕಿಯು ಹೆಸರೊಂದನ್ನೇ ನಂಬಿ ಬರುವನಾದ್ದರಿಂದ, ಅಲ್ಲಿ ಭ್ರಾಂತಿಗೆ ಬೀದಿಯ ಅಂಗಡಿಗಿಂತಲೂ ಹೆಚ್ಚು ಅವಕಾಶವುಂಟು. ಬೀದಿಯಲ್ಲಾದರೆ ಎರಡು ಅಂಗಡಿಗಳ ಮಧ್ಯೆ ಗೋಡೆಯಾದರೂ ಇರುತ್ತದೆ.

ಮಾಯಾಸರಕುಗಳಿಗೆ ಹೊಸ ಶಾಸನ ಬೇಕೆಂದು ಕೂಗುವವರು ಈ ತೀರ್ಪನ್ನು ಓದುವುದು ಮೇಲು. ನಮ್ಮ ೧೯೯೯ರ ಟ್ರೇಡ್ ಮಾರ್ಕ್ಸ್ ಆಕ್ಟು, ೨೦೦೩ನೆಯ ಸೆಪ್ಟೆಂಬರ್ ೧೫ರಿಂದ ಜಾರಿಯಲ್ಲಿರತಕ್ಕದ್ದು, ‘ಸರಕು’ ಎಂಬ ಮಾತಿಗೆ ವ್ಯಾಪಾರಕ್ಕೋ ತಯಾರಿಕೆಗೋ ವಿಷಯವಾದ ಯಾವುದೇ ವಸ್ತು ಎಂದು ಅರ್ಥ ಹೇಳಿದೆ. ತೂಕವಿರಬೇಕು, ಕೈಗೆ ತಗುಲಬೇಕು ಎಂದು ಅದರಲ್ಲಿ ಎಲ್ಲಿಯೂ ಇಲ್ಲ. ಹೆಸರಾಂತ ಮುದ್ರೆಯನ್ನು ಬೇರೆ ಬಗೆಯ ಸರಕಿಗೆ ಹಚ್ಚಿ ಅದರ ಕೀರ್ತಿಯಿಂದ ಅನ್ಯಾಯವಾಗಿ ಲಾಭ ಪಡೆಯುವವನನ್ನೂ ೨೯ನೆಯ ಸೆಕ್ಷನ್ನಿನ ೪ನೆಯ ಉಪವಿಧಿಯು ಹಿಡಿಯುತ್ತದೆ. ಶಾಸನದ ಕೊರತೆಯಿಂದ ನಮಗೆ ಕಷ್ಟ ಬಂದಿಲ್ಲ. ಕಷ್ಟವೇನಾದರೂ ಬಂದರೆ ಎಚ್ಚರದ ಕೊರತೆಯಿಂದ ಬಂದೀತು.

ಎಚ್ಚರ ತಪ್ಪಿದರೆ ಏನಾಗುವುದೆಂಬುದಕ್ಕೆ ಗುಜರಾತಿನ ಅಮೂಲ್ ಸಂಘದವರ ಅನುಭವವೇ ಸಾಕು. ಆ ಸಂಘದ ಹೆಸರಿಟ್ಟುಕೊಂಡು, ಅಂಗಡಿಯ ಏಜೆನ್ಸಿ ಕೊಡಿಸುತ್ತೇವೆಂದು ಇಂಟರ್‌ನೆಟ್ಟಿನಲ್ಲಿ ಸುಳ್ಳು ಪುಟಗಳನ್ನು ತೆರೆದ ವಂಚಕರು ಬಡ ಅಭ್ಯರ್ಥಿಗಳಿಂದ ಠೇವಣಿಯೆಂದು ಹಣ ಕಿತ್ತರು. ಸಂಘದವರು ೨೦೨೦ರಲ್ಲಿ ದೆಹಲಿಯ ಹೈಕೋರ್ಟಿನ ಮೊರೆ ಹೋಗಿ, ಆ ವಿಳಾಸಗಳನ್ನು ಮಾರಿದ ಕಂಪೆನಿಗಳ ಮೇಲೆಯೇ ಆಜ್ಞೆ ತರಬೇಕಾಯಿತು. ಇಲ್ಲಿ ಮೋಸ ಹೋದವರು ಯಾರು? ಆಟದ ಗೊಂಬೆಗೆ ಅಂಗಿ ಕೊಳ್ಳುವ ಶ್ರೀಮಂತರ ಮಕ್ಕಳಲ್ಲ. ಊರಿನಲ್ಲಿ ಒಂದು ಹಾಲಿನ ಅಂಗಡಿ ಇಟ್ಟುಕೊಂಡು ಬದುಕಬೇಕೆಂದಿದ್ದ ಸಾಮಾನ್ಯರು. ತೆರೆಯ ಮೇಲಣ ಮುದ್ರೆಯ ಪ್ರಶ್ನೆ ನಮ್ಮ ಹೋಬಳಿಗಳಿಗೂ ಸಂಬಂಧಪಟ್ಟದ್ದೆಂದು ನಾವು ಹೇಳುವುದು ಈ ಕಾರಣದಿಂದ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಷವನ್ನೂ ಹೇಳದಿದ್ದರೆ ವಿಷಯಕ್ಕೆ ಅನ್ಯಾಯವಾದೀತು. ಮುದ್ರೆಗೆ ರಕ್ಷೆ ಬೇಕು. ಆದರೆ ಆ ರಕ್ಷೆಯ ಬೇಲಿ ಎಲ್ಲಿಯವರೆಗೆ? ಒಂದು ಹೆಸರಿನಲ್ಲಿ ಒಂದು ಸರಕನ್ನು ಮಾರಿದವನು, ಆ ಹೆಸರಿನ ಮೇಲೆ ಭೂಮಿ ಆಕಾಶಗಳಲ್ಲೆಲ್ಲ ತನಗೇ ಹಕ್ಕೆಂದು ಹೇಳಬಹುದೆ? ಈ ಪ್ರಶ್ನೆಗೂ ಉತ್ತರವು ನಮ್ಮ ನಾಡಿನ ಮೊಕದ್ದಮೆಯೊಂದರಿಂದಲೇ ಬಂದಿದೆ. ಮತ್ತು ಅದರಲ್ಲಿ ಸೋತವರು ನಮ್ಮ ರೈತರ ಸಂಸ್ಥೆಯೇ ಆದ್ದರಿಂದ ಅದನ್ನು ಹೇಳುವುದು ನಮಗೆ ಅಷ್ಟು ಹಿತವಾದ ಕೆಲಸವಲ್ಲ.

ಕರ್ನಾಟಕದ ಹಾಲು ಮಹಾಮಂಡಲವು ೧೯೮೫ರಿಂದ ‘ನಂದಿನಿ’ ಎಂಬ ಮುದ್ರೆಯನ್ನು ಬಳಸುತ್ತ ಬಂದಿದೆ. ಬೆಂಗಳೂರಿನಲ್ಲಿ ‘ನಂದಿನಿ ಡೀಲಕ್ಸ್’ ಎಂಬ ಹೋಟಲು ೧೯೮೯ರಿಂದ ನಡೆಯುತ್ತಿದೆ; ಅವರ ಬರಹದಲ್ಲಿ ಇಂಗ್ಲಿಷ್ ಅಕ್ಷರವೊಂದು ಹೆಚ್ಚು, ಗುರುತು ದೀಪದ್ದು. ಹೋಟಲಿನವರು ಮಾಂಸ, ಮೀನು ಮೊದಲಾದ ತಮ್ಮ ಪದಾರ್ಥಗಳಿಗೆ ಮುದ್ರೆಯನ್ನು ದಾಖಲು ಮಾಡಿಸಲು ಹೋದಾಗ ಮಹಾಮಂಡಲದವರು ಅಡ್ಡಿ ಮಾಡಿದರು. ಹಾಲಿನ ಪದಾರ್ಥಗಳೂ ಮಾಂಸವೂ ದಾಖಲೆಯ ಪಟ್ಟಿಯಲ್ಲಿ ಒಂದೇ ೨೯ನೆಯ ವರ್ಗಕ್ಕೆ ಸೇರುತ್ತವಾದ್ದರಿಂದ, ಇಡೀ ವರ್ಗವೇ ತಮ್ಮದೆಂಬುದು ಅವರ ವಾದ. ರಿಜಿಸ್ಟ್ರಾರರ ಕಚೇರಿ ಹೋಟಲಿನವರ ಪಕ್ಷವಾಯಿತು. ಮೇಲ್ಮನವಿಯ ಮಂಡಲಿ ಮತ್ತು ಹೈಕೋರ್ಟು ಮಹಾಮಂಡಲದ ಪಕ್ಷವಾದವು. ೨೦೧೮ನೆಯ ಜುಲೈ ೨೬ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎ. ಕೆ. ಸಿಕ್ರಿ ಮತ್ತು ನ್ಯಾಯಮೂರ್ತಿ ಅಶೋಕ ಭೂಷಣ್ ಅವರು ಹೋಟಲಿನವರೇ ಸರಿಯೆಂದರು. ನಂದಿನಿಯೆಂಬುದು ಯಾರೂ ಹೊಸದಾಗಿ ಕಟ್ಟಿದ ಮಾತಲ್ಲ, ನಮ್ಮ ಪುರಾಣದ ಹೆಸರು. ಹಾಲನ್ನು ಮಾತ್ರ ಮಾರುವವರು ಅದೇ ವರ್ಗದ ಇತರ ಪದಾರ್ಥಗಳಿಗೆಲ್ಲ ಏಕಸ್ವಾಮ್ಯ ಕೇಳಕೂಡದು. ಹಾಲು ಮತ್ತು ಹಾಲಿನಿಂದಾದವುಗಳನ್ನು ಮಾತ್ರ ಹೋಟಲಿನವರು ಬಿಡತಕ್ಕದ್ದು. ಇದು ತೀರ್ಪಿನ ತಾತ್ಪರ್ಯ.

ಮಹಾಮಂಡಲದ ಹಿತೈಷಿಗಳಿಗೆ ಈ ತೀರ್ಪು ಆಗ ಕಹಿಯಾಗಿ ಕಂಡಿರಬಹುದು. ನಮ್ಮ ಅಭಿಪ್ರಾಯದಲ್ಲಿ ಅದು ಸರಿಯಾದ ತೀರ್ಪು. ವಸಿಷ್ಠರ ಆಶ್ರಮದ ಹಸುವಿನ ಹೆಸರನ್ನು ಯಾವ ಒಂದು ಸಂಸ್ಥೆಯೂ, ಅದು ಎಷ್ಟೇ ಲೋಕೋಪಕಾರಿಯಾಗಿರಲಿ, ಭಾಷೆಯಿಂದ ಕಿತ್ತುಕೊಂಡು ಹೋಗಬಾರದು. ನಂದಿನಿಯೆಂದು ಮಗಳಿಗೆ ಹೆಸರಿಟ್ಟ ತಂದೆ ನಾಳೆ ಅದೇ ಹೆಸರಿನಲ್ಲಿ ಬಟ್ಟೆಯಂಗಡಿ ತೆರೆದರೆ ಅದು ಕಳ್ಳತನವಾಗುವುದೆ? ಸಿಫಿಯ ಮೊಕದ್ದಮೆಯಲ್ಲಿ ಹೆಸರು ಕಟ್ಟಿದ ಮಾತಾಗಿತ್ತು. ಅದನ್ನು ಹತ್ತಿರದಿಂದ ಅನುಕರಿಸುವವನಿಗೆ ಸದುದ್ದೇಶವಿರುವುದು ಕಷ್ಟ. ನಂದಿನಿಯ ಮೊಕದ್ದಮೆಯಲ್ಲಿ ಹೆಸರು ಎಲ್ಲರದು. ಈ ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡವನಿಗೆ ಮಾಯಾಪೇಟೆಯ ದಾರಿ ಸಾಕಷ್ಟು ಸ್ಪಷ್ಟವಾಗಿ ಕಾಣುತ್ತದೆ. ಜನರು ಮೋಸಹೋಗುವ ಕಡೆ ಮುದ್ರೆಗೆ ಹಕ್ಕುಂಟು, ಸರಕು ಕೈಗೆ ಸಿಕ್ಕಲಿ ಸಿಕ್ಕದಿರಲಿ. ಮೋಸವಿಲ್ಲದ ಕಡೆ ಬರಿಯ ದಾಖಲೆಯ ಬಲದಿಂದ ಮಾತುಗಳಿಗೆ ಬೇಲಿ ಹಾಕಲು ಹಕ್ಕಿಲ್ಲ. ೨೦೨೩ರ ಏಪ್ರಿಲಿನಲ್ಲಿ ದೆಹಲಿಯ ಹೈಕೋರ್ಟು, ಕ್ರಿಕೆಟ್ಟಿಗರ ಹೆಸರು, ಚಿತ್ರ ಮತ್ತು ಆಟದ ಅಂಕಿಗಳಿಂದ ಮಾಡಿದ ಮಾಯಾಚೀಟಿಗಳ ವ್ಯಾಜ್ಯದಲ್ಲಿ ತಡೆಯಾಜ್ಞೆ ಕೊಡದೆ ಹೋದದ್ದೂ ಇದೇ ಜಾಡಿನದು. ಎಲ್ಲರಿಗೂ ತಿಳಿದ ಸಂಗತಿಗಳಿಗೆ ಒಬ್ಬ ಗುತ್ತಿಗೆದಾರನು ಒಡೆಯನಾಗಲಾರನೆಂದು ಅದು ಹೇಳಿತು.

ಬೇಲಿಯ ಮಾತು ಬಂದದ್ದರಿಂದ ಒಂದು ಹಳೆಯ ಸಂಗತಿಯನ್ನು ನೆನೆಯದೆ ಇರಲಾರೆವು. ಮ್ಯಾಂಚೆಸ್ಟರಿನ ಗಿರಣಿಗಳವರು ನಮ್ಮ ದೇಶಕ್ಕೆ ಬಟ್ಟೆಯನ್ನು ಕಳುಹಿಸುತ್ತಿದ್ದ ಕಾಲದಲ್ಲಿ ಥಾನುಗಳ ಮೇಲೆ ಕೃಷ್ಣ, ಲಕ್ಷ್ಮಿ, ಗಣೇಶರ ಬಣ್ಣದ ಚೀಟಿಗಳನ್ನು ಅಂಟಿಸುತ್ತಿದ್ದರು. ನಮ್ಮ ನೇಕಾರನ ಮಗ್ಗವನ್ನು ನಿಲ್ಲಿಸಿದ ಬಟ್ಟೆಯು ನಮ್ಮ ದೇವರ ಮುದ್ರೆಯನ್ನೇ ಹೊತ್ತು ನಮ್ಮ ಮನೆಗಳಿಗೆ ಬಂದಿತು. ಎಷ್ಟೋ ಮನೆಗಳಲ್ಲಿ ಜನರು ಆ ಚೀಟಿಗಳನ್ನು ಗೋಡೆಗೆ ಅಂಟಿಸಿಕೊಂಡರು. ಪರದೇಶದ ವ್ಯಾಪಾರಿಗೆ ನಮ್ಮ ಹೆಸರುಗಳ ಬೆಲೆ ನಮಗಿಂತ ಮೊದಲೇ ತಿಳಿದಿರುತ್ತದೆ. ಬ್ರಿಟಿಷ್ ಇಂಡಿಯಾದಲ್ಲಿ ಮುದ್ರೆಗಳನ್ನು ದಾಖಲು ಮಾಡುವ ಶಾಸನ ಬಂದದ್ದು ೧೯೪೦ರಲ್ಲಿ. ಅಷ್ಟು ಹೊತ್ತಿಗೆ ಆ ಚೀಟಿಗಳು ತಮ್ಮ ಕೆಲಸವನ್ನು ಬಹುಮಟ್ಟಿಗೆ ಮುಗಿಸಿದ್ದವು.

ನಮ್ಮಲ್ಲಿ ಕಾಪಾಡಿಕೊಳ್ಳತಕ್ಕ ಹೆಸರುಗಳು ಕಡಮೆಯೇನಿಲ್ಲ. ೧೯೧೪ರ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೬ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯೂ ಮುಂದೆ ೧೯೧೮ರಲ್ಲಿ ಸಾಬೂನಿನ ಕಾರ್ಖಾನೆಯೂ ಹುಟ್ಟಿದವು. ಆ ಸಾಬೂನು ಈಗ ನೂರು ವರ್ಷ ದಾಟಿದೆ. ಅದರ ಕೀರ್ತಿ ಎಷ್ಟೆಂಬುದಕ್ಕೆ ನಕಲು ಮಾಡುವವರೇ ಸಾಕ್ಷಿ: ೨೦೨೪ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸಾಬೂನು ತಯಾರಿಸುತ್ತಿದ್ದ ಸ್ಥಳವನ್ನು ಹಿಡಿದಾಗ ಸುಮಾರು ಎರಡು ಕೋಟಿ ರೂಪಾಯಿಗಳ ಮಾಲು ಸಿಕ್ಕಿತು. ಕೈಗೆ ಸಿಕ್ಕುವ ಸಾಬೂನಿನ ಕಳ್ಳನನ್ನು ಹಿಡಿಯಲು ಪೊಲೀಸರಿಗೆ ಬಾಗಿಲು ಉಂಟು, ಗೋದಾಮು ಉಂಟು. ಇಂಟರ್‌ನೆಟ್ಟಿನಲ್ಲಿ ಶರಭನ ಗುರುತಿಟ್ಟು ಅಂಗಡಿ ತೆರೆಯುವವನಿಗೆ ಬಾಗಿಲೆಲ್ಲಿ? ಆಗ ಉಳಿಯುವ ಆಧಾರವೆಂದರೆ ಮುಂಚಿತವಾಗಿ ಮಾಡಿಸಿಟ್ಟ ದಾಖಲೆ.

ಚನ್ನಪಟ್ಟಣದ ಬಣ್ಣದ ಬೊಂಬೆಗಳ ವಿಷಯ ಇನ್ನೂ ಸೂಕ್ಷ್ಮವಾದದ್ದು. ಅವಕ್ಕೆ ಪ್ರದೇಶಸೂಚಕ ಹಕ್ಕು, ಅಂದರೆ ಜಿ.ಐ., ದೊರೆತಿದೆ, ಮೈಸೂರು ರೇಷ್ಮೆಗೂ ಊದುಬತ್ತಿಗೂ ದೊರೆತಿದೆ. ಆದರೆ ಪ್ರದೇಶಸೂಚಕಗಳ ಶಾಸನವು ‘ಸರಕು’ ಎಂಬುದಕ್ಕೆ ಕೊಟ್ಟ ಅರ್ಥ ಬೇರೆ: ಬೆಳೆದದ್ದು, ಪ್ರಕೃತಿಯಿಂದ ದೊರೆತದ್ದು, ತಯಾರಾದದ್ದು, ಕರಕುಶಲದ್ದು, ಆಹಾರಪದಾರ್ಥ. ಆ ಊರಿನ ಕುಶಲಕರ್ಮಿಯು ಆಲೆಮರವನ್ನು ಚರಕಿಗೆ ಹಾಕಿ ಅರಗಿನ ಬಣ್ಣ ಹಚ್ಚಿ ಮಾಡಿದ ಬೊಂಬೆಗೆ ಅದು ಸರಿಹೊಂದುತ್ತದೆ. ಯಾವನೋ ಪರದೇಶದ ಆಟದ ಕಂಪೆನಿಯವನು ಅದೇ ಬೊಂಬೆಯ ಚಿತ್ರವನ್ನು ‘ಚನ್ನಪಟ್ಟಣ’ದ ಹೆಸರಿನಿಂದ ಲಕ್ಷಗಟ್ಟಲೆ ಮಕ್ಕಳಿಗೆ ಮಾರಿದರೆ, ಆ ಚಿತ್ರವು ಈ ಶಾಸನದ ಸರಕೆಂದು ವಾದಿಸುವುದು ಸುಲಭವಲ್ಲ. ಆದ್ದರಿಂದ ಬೊಂಬೆಯವರ ಸಂಘಗಳು ಪ್ರದೇಶದ ಹೆಸರನ್ನು ಮಾತ್ರ ನಂಬಿ ಕುಳಿತುಕೊಳ್ಳದೆ, ತಮ್ಮದೇ ಆದ ಒಂದು ಗುರುತನ್ನು ಕಟ್ಟಿ, ಅದಕ್ಕೆ ಟ್ರೇಡ್ ಮಾರ್ಕಿನ ರಕ್ಷೆಯನ್ನು ಪಡೆಯಬೇಕು. ಇದು ಬಡ ಕುಶಲಕರ್ಮಿಗಳಿಂದ ತಾವಾಗಿ ಆಗುವ ಕೆಲಸವಲ್ಲ. ವಾಣಿಜ್ಯ ಮತ್ತು ಕೈಗಾರಿಕಾ ಇಲಾಖೆಯವರು ಕೈಹಾಕತಕ್ಕದ್ದು.

ಕೆಲಸವಾದರೂ ದೊಡ್ಡದಲ್ಲ. ಸರಕು ಮತ್ತು ಸೇವೆಗಳನ್ನು ನೈಸ್ ಒಪ್ಪಂದದ ಪ್ರಕಾರ ೪೫ ವರ್ಗಗಳಾಗಿ ವಿಂಗಡಿಸಿದ್ದಾರೆ: ಸರಕುಗಳಿಗೆ ೩೪, ಸೇವೆಗಳಿಗೆ ೧೧. ಇಂಡಿಯಾ ೨೦೧೯ರಲ್ಲಿ ಆ ಒಪ್ಪಂದಕ್ಕೆ ಸೇರಿತು. ೨೦೨೩ರ ಜನವರಿಯಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಎನ್.ಎಫ್.ಟಿ. ದಾಖಲೆಯುಳ್ಳ ಡಿಜಿಟಲ್ ಕಡತಗಳನ್ನು ೯ನೆಯ ವರ್ಗಕ್ಕೆ ಸೇರಿಸಿದ್ದಾರೆ. ತೆರೆಯ ಮೇಲಣ ಅಂಗಡಿಗೆ ೩೫, ಆಟ ಮತ್ತು ವಿನೋದಗಳಿಗೆ ೪೧. ಯೂರೋಪಿನ ಕಚೇರಿಯವರು ೨೦೨೨ರಲ್ಲೇ, ‘ಮಾಯಾಸರಕು’ ಎಂದು ಮೊತ್ತವಾಗಿ ಬರೆದರೆ ಸಾಲದು, ಯಾವ ಸರಕಿನ ಮಾಯಾರೂಪವೆಂದು ಬಿಡಿಸಿ ಹೇಳಬೇಕು ಎಂದು ತಿಳಿಸಿದ್ದಾರೆ. ಇದು ಒಳ್ಳೆಯ ನಿಯಮ. ನಮ್ಮ ರಿಜಿಸ್ಟ್ರಾರರೂ ಇದನ್ನು ಕಟ್ಟುನಿಟ್ಟಾಗಿ ಅನುಸರಿಸಿದರೆ ಒಂದೇ ಅರ್ಜಿಯಿಂದ ಇಡೀ ಆಕಾಶವನ್ನು ಅಳತೆ ಹಾಕಿಕೊಳ್ಳುವವರ ಹಾವಳಿ ತಗ್ಗೀತು. ನಮ್ಮ ನಾಡಿನವರ ಅರ್ಜಿಗಳು ಹೋಗಬೇಕಾದ್ದು ಚೆನ್ನೈ ಕಚೇರಿಗೆ. ಶುಲ್ಕವು ಒಂದೊಂದು ವರ್ಗಕ್ಕೆ ಸಣ್ಣ ಉದ್ಯಮಗಳವರಿಗೂ ಬಿಡಿ ವ್ಯಕ್ತಿಗಳಿಗೂ ೪,೫೦೦ ರೂಪಾಯಿ, ಇತರರಿಗೆ ೯,೦೦೦ ರೂಪಾಯಿ; ಅರ್ಜಿಯನ್ನು ಇಂಟರ್‌ನೆಟ್ಟಿನ ಮೂಲಕವೇ ಹಾಕಬಹುದು. ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ತಮ್ಮ ಮುದ್ರೆ ಪ್ರಖ್ಯಾತವಾದದ್ದೆಂದು ಪಟ್ಟಿಯಲ್ಲಿ ಸೇರಿಸಬೇಕೆಂದು ಕೇಳುವುದಕ್ಕೆ ಮಾತ್ರ ಒಂದು ಲಕ್ಷ ರೂಪಾಯಿ ಶುಲ್ಕವುಂಟು.

ದಾಖಲೆ ಮಾಡಿಸಿ ಪೆಟ್ಟಿಗೆಯಲ್ಲಿಟ್ಟರೆ ಸಾಲದೆಂಬುದನ್ನೂ ಹೇಳಬೇಕು. ದಾಖಲಾದ ಮುದ್ರೆಯನ್ನು ಐದು ವರ್ಷ ಮೂರು ತಿಂಗಳು ಬಳಸದೆ ಬಿಟ್ಟರೆ, ಬಾಧಿತನಾದವನು ೪೭ನೆಯ ಸೆಕ್ಷನ್ನಿನ ಮೇರೆಗೆ ಅದನ್ನು ಪುಸ್ತಕದಿಂದ ತೆಗೆಸಿಹಾಕಬಹುದು. ೨೦೨೧–೨೨ರ ಭರದಲ್ಲಿ ಮಾಯಾಸರಕುಗಳಿಗೆ ಹಾಕಿದ ರಾಶಿರಾಶಿ ಅರ್ಜಿಗಳಿಗೆ ಇಂತಹ ಪರೀಕ್ಷೆ ಬರುವ ಕಾಲ ದೂರವಿಲ್ಲ. ಉಳುವವನಿಲ್ಲದ ಹೊಲದಂತೆ ಬಿದ್ದಿರುವ ಹೆಸರುಗಳನ್ನು ಬಿಡಿಸಿಕೊಡುವುದಕ್ಕೆ ಈ ವಿಧಿಯೇ ನಮ್ಮ ಸಣ್ಣ ವ್ಯಾಪಾರಿಗಳಿಗೆ ಸಾಧನ. ನಮ್ಮ ಸಂಸ್ಥೆಗಳೂ ಬಳಸುವ ಉದ್ದೇಶವಿಲ್ಲದ ವರ್ಗಗಳಿಗೆ ಶುಲ್ಕ ಸುರಿಯುವುದು ವ್ಯರ್ಥ.

ಮಹಾಮಂಡಲಕ್ಕೆ ಬಳಸುವ ಅವಕಾಶವಂತೂ ಎದುರಿಗೇ ಇದೆ. ೨೦೨೪ರ ಜೂನಿನಲ್ಲಿ ನಡೆದ ಕ್ರಿಕೆಟ್ಟಿನ ಟ್ವೆಂಟಿ ಟ್ವೆಂಟಿ ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡು ಮತ್ತು ಐರ್ಲೆಂಡಿನ ಆಟಗಾರರು ‘ನಂದಿನಿ’ಯ ಮುದ್ರೆಯುಳ್ಳ ಅಂಗಿ ತೊಟ್ಟು ಆಡಿದರು. ಕೊರಟಗೆರೆ ಪಾವಗಡಗಳ ಹಾಲು ಉತ್ಪಾದಕರ ಸಂಘಗಳು ಬೆಳಗ್ಗೆ ಸಂಜೆ ಹಾಲಳೆದು ಬೆಳೆಸಿದ ಹೆಸರು ಅಷ್ಟು ದೂರ ಹೋಯಿತು. ಅಂತಹ ಅಂಗಿಯನ್ನು ನಾಳೆ ಕಂಪ್ಯೂಟರಿನ ಕ್ರಿಕೆಟ್ ಆಟದಲ್ಲಿ ಗೊಂಬೆಗೆ ತೊಡಿಸಿ ಮಾರುವವನು, ಆ ಮುದ್ರೆಗೆ ಯಾರ ಅನುಮತಿ ಕೇಳಬೇಕು, ಹಣ ಯಾರಿಗೆ ಸಲ್ಲಬೇಕು? ನಂದಿನಿಯೆಂಬ ಬರಿಯ ಶಬ್ದವನ್ನು ಹಿಡಿದು ಹೋರಾಡಿದರೆ ೨೦೧೮ರ ತೀರ್ಪು ಎದುರು ನ್ಯಾಯವಾದಿಯ ಕೈಯಲ್ಲಿರುತ್ತದೆ. ಹಸುವಿನ ಚಿತ್ರ, ಅಕ್ಷರಗಳ ಆಕಾರ, ಬಣ್ಣ ಇವು ಕೂಡಿದ ಪೂರ್ಣ ಮುದ್ರೆಯನ್ನು ೯, ೩೫ ಮತ್ತು ೪೧ನೆಯ ವರ್ಗಗಳಲ್ಲಿ, ಇಂತಹ ಇಂತಹ ಸರಕಿಗೆಂದು ಬಿಡಿಸಿ ಹೇಳಿ ದಾಖಲು ಮಾಡಿಸಿ, ಅನುಮತಿಪತ್ರಗಳ ಮೂಲಕ ಬಳಕೆಗೂ ತಂದರೆ ನೆಲೆ ಗಟ್ಟಿಯಾಗುತ್ತದೆ. ಮೂರು ವರ್ಗಗಳಿಗೆ ೨೭,೦೦೦ ರೂಪಾಯಿ. ಒಂದು ಪತ್ರಿಕಾ ಜಾಹೀರಾತಿನ ವೆಚ್ಚವೂ ಅಲ್ಲ.

ಇನ್ನು ಸಾರ್ವಜನಿಕರ ಪಾಲಿನ ಕೆಲಸ ಒಂದಿದೆ. ರಿಜಿಸ್ಟ್ರಾರರು ಸ್ವೀಕರಿಸಿದ ಅರ್ಜಿಗಳೆಲ್ಲವೂ ವಾರಕ್ಕೊಮ್ಮೆ ಹೊರಡುವ ಟ್ರೇಡ್ ಮಾರ್ಕ್ಸ್ ಜರ್ನಲಿನಲ್ಲಿ ಪ್ರಕಟವಾಗುತ್ತವೆ. ಅದನ್ನು ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಕಾಸು ಕೊಡದೆ ಓದಬಹುದು. ಪ್ರಕಟವಾದ ದಿನದಿಂದ ನಾಲ್ಕು ತಿಂಗಳೊಳಗೆ ಆಕ್ಷೇಪಣೆ ಸಲ್ಲಿಸುವ ಅಧಿಕಾರವನ್ನು ೨೧ನೆಯ ಸೆಕ್ಷನ್ನು ‘ಯಾವುದೇ ವ್ಯಕ್ತಿ’ಗೆ ಕೊಟ್ಟಿದೆ, ಅವನು ವ್ಯಾಪಾರಿಯೇ ಆಗಿರಬೇಕೆಂಬ ನಿಯಮವಿಲ್ಲ. ಶುಲ್ಕ ಒಂದು ವರ್ಗಕ್ಕೆ ೨,೭೦೦ ರೂಪಾಯಿ. ನಮ್ಮ ಊರುಗಳ, ದೇವರುಗಳ, ಕಸುಬುಗಳ ಹೆಸರನ್ನು ಮಾಯಾಪೇಟೆಗೆಂದು ಯಾವನಾದರೂ ಮುಂಗಡವಾಗಿ ಬರೆಸಿಕೊಳ್ಳಲು ಹೊರಟರೆ, ಜಿಲ್ಲಾ ಕೈಗಾರಿಕಾ ಕೇಂದ್ರದ ಗುಮಾಸ್ತೆಯೊಬ್ಬರಿಗೆ ವಾರಕ್ಕೆ ಒಂದು ಗಂಟೆ ಆ ಜರ್ನಲನ್ನು ತಿರುವಿಹಾಕುವ ಕೆಲಸ ಒಪ್ಪಿಸಿದ್ದರೆ, ನಾಲ್ಕು ತಿಂಗಳ ಗಡುವು ಮುಗಿಯುವುದಕ್ಕೆ ಮೊದಲೇ ಅದು ತುಮಕೂರಿಗೆ ತಿಳಿದುಬರುತ್ತದೆ.